ಷೇರುಪೇಟೆ ಬಿದ್ದಾಗ ಯಾವ ದುಡ್ಡು ಮುಟ್ಟಬೇಕು, ಯಾವುದು ಬೇಡ: ಉತ್ತರ ಕನ್ನಡದ ಹೂಡಿಕೆದಾರರ ಚರ್ಚೆ

ಶಿರಸಿ_ಚಾಲಿ
ಪೇಟೆ ಇಳಿದಾಗಲೆಲ್ಲ ಎಲ್ಲರ ಪ್ರಶ್ನೆ ಒಂದೇ: ಮಾರೋದಾ, ಇಟ್ಟುಕೊಳ್ಳೋದಾ, ಇನ್ನಷ್ಟು ತಗೊಳ್ಳೋದಾ? ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಲೆಕ್ಕ ಬೇಕು. ಷೇರಿನಲ್ಲಿರುವ ದುಡ್ಡು ಮನೆಗೆ ಯಾವ ತಿಂಗಳು, ಯಾವ ವರ್ಷ ಬೇಕಾಗ್ತದೆ ಅನ್ನೋದು. ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಬೆಂಗಳೂರಿನ ಸಂಬಳದಾರರ ಲೆಕ್ಕದ ಹಾಗಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚಾಲಿ ಅಡಿಕೆ ಒಣಗಿ, ಸುಲಿದು, ವ್ಯಾಪಾರ ಆಗುವವರೆಗೆ ಕೈಗೆ ಕಾಸು ಬರೋದಿಲ್ಲ. ಮೇ ಕೊನೆಗೆ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣದ ಸಿಂಪಡಣೆ, ಜೂನ್‌ನಲ್ಲಿ ಮಕ್ಕಳ ಫೀಸು, ಮಳೆಗಾಲ ಪೂರ್ತಿ ಖರ್ಚೇ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ ಆದಾಯವೇ ಇಲ್ಲ. ಪೇಟೆ ಇಂಥ ತಿಂಗಳಲ್ಲೇ ಬಿದ್ದರೆ, ಖರ್ಚಿಗೆ ಅಂತ ಷೇರು ಮಾರಬೇಕಾಗ್ತದೆ. ದೊಡ್ಡ ನಷ್ಟ ಆಗೋದು ಅಲ್ಲಿ.

ಆದ್ದರಿಂದ ತೋಟದ ಅಥವಾ ದೋಣಿಯ ಆದಾಯ ನಂಬಿದವರು 12 ತಿಂಗಳ ಮನೆಖರ್ಚು ಮತ್ತು ಒಂದು ಹಂಗಾಮಿನ ಆಳುಖರ್ಚನ್ನು ಉಳಿತಾಯ ಖಾತೆ, ಬ್ಯಾಂಕ್ ಠೇವಣಿ, ಲಿಕ್ವಿಡ್ ಫಂಡ್ (ಬೇಕಾದಾಗ ಬೇಗ ತೆಗೆಯಬಹುದಾದ ಮ್ಯೂಚುವಲ್ ಫಂಡ್) ಈ ಮೂರರಲ್ಲಿ ಇಡಬೇಕು. ಕೈಗಾದಲ್ಲೋ ನೌಕಾನೆಲೆಯಲ್ಲೋ ತಿಂಗಳ ಸಂಬಳ ಇರುವವರಿಗೆ 6 ತಿಂಗಳದ್ದು ಸಾಕು. ಐದು ವರ್ಷದೊಳಗೆ ಬೇಕಾಗುವ ಮದುವೆ, ಮನೆಯ ಮಾಡು, ಬೋರ್‌ವೆಲ್, ಕಾಲೇಜು, ಇವುಗಳ ದುಡ್ಡು ಷೇರಿನಲ್ಲಿ ಇರಬಾರದು.

ಐದು ವರ್ಷ ಯಾಕೆ ಅಂದರೆ, 2008ರ ಜನವರಿಯಲ್ಲಿ 21,206 ಮುಟ್ಟಿದ ಸೆನ್ಸೆಕ್ಸ್ ಸೂಚ್ಯಂಕ ಅದೇ ಅಕ್ಟೋಬರ್‌ನಲ್ಲಿ 7,700ರ ಕೆಳಗೆ ಹೋಯಿತು. 2010ರ ದೀಪಾವಳಿ ಹೊತ್ತಿಗೆ ಮತ್ತೆ 21,000ಕ್ಕೆ ಬಂದರೂ ನಿಲ್ಲಲಿಲ್ಲ. ಹಳೇ ಎತ್ತರವನ್ನು ದಾಟಿದ್ದು 2013ರ ಕೊನೆಗೆ. 2020ರಲ್ಲಿ ನಿಫ್ಟಿ ಸೂಚ್ಯಂಕ 12,430ರಿಂದ 7,511ಕ್ಕೆ, ಅಂದರೆ ಸುಮಾರು 40% ಇಳಿದು ನವೆಂಬರ್‌ನಲ್ಲೇ ವಾಪಸು ಬಂತು. ಹಳೇ ಎತ್ತರಕ್ಕೆ ಬರೋಕೆ ಒಮ್ಮೆ ಹತ್ತು ತಿಂಗಳ ಹತ್ತಿರ, ಒಮ್ಮೆ ಆರು ವರ್ಷದ ಹತ್ತಿರ. ಈ ಸಲ ಯಾವುದು ಅಂತ ಇಳಿಯುವಾಗ ಯಾರೂ ಹೇಳಲಾರರು.

ಬೈತಖೋಲ_ಬಂದರು
ಮೇಲಿನದಕ್ಕೆ ಒಪ್ಪಿಗೆ. ಆದರೆ ಅದಕ್ಕೂ ಮೊದಲು ನೋಡಬೇಕಾದ್ದು ಸಾಲದ ದುಡ್ಡು. ಸ್ವಂತ ದುಡ್ಡು ಹಾಕಿದವರು ಕಾಯಬಹುದು. ಸಾಲ ಹಾಕಿದವರಿಗೆ ಕಾಯುವ ಹಕ್ಕೇ ಇರೋದಿಲ್ಲ.

ಮಾರ್ಜಿನ್ ಟ್ರೇಡಿಂಗ್, ಅಂದರೆ ಬ್ರೋಕರ್ ಸಾಲದಲ್ಲಿ ಷೇರು ತಗೊಳ್ಳೋದನ್ನೇ ನೋಡಿ. ನಿಮ್ಮದು 1 ಲಕ್ಷ, ಬ್ರೋಕರದ್ದು 1 ಲಕ್ಷ, ಷೇರು 2 ಲಕ್ಷದ್ದು. 25% ಇಳಿದರೆ ಷೇರಿನ ಬೆಲೆ 1.5 ಲಕ್ಷ, ಸಾಲ ಹಾಗೇ 1 ಲಕ್ಷ, ನಿಮ್ಮ ಪಾಲು 50,000. ಪೇಟೆ ಕಾಲು ಭಾಗ ಇಳಿದರೆ ನಿಮ್ಮದು ಅರ್ಧ ಹೋಯಿತು, ಮೇಲೆ ಬಡ್ಡಿ ಓಡ್ತಾ ಇರ್ತದೆ. ಮಾರ್ಜಿನ್ (ನಿಮ್ಮ ಪಾಲಿನ ಕೊರತೆ ದುಡ್ಡು) ತುಂಬಿ ಅಂತ ಮೆಸೇಜ್ ಬರ್ತದೆ, ತುಂಬದಿದ್ದರೆ ಬ್ರೋಕರೇ ಮಾರ್ತಾರೆ. ಅದೇ ಬೆಳಿಗ್ಗೆ ಸಾವಿರಾರು ಜನರದ್ದು ಹೀಗೇ ಮಾರಾಟಕ್ಕೆ ಬರೋದರಿಂದ ಸಿಗೋದು ಆ ದಿನದ ಅತಿ ಕೆಟ್ಟ ರೇಟು.

ಮ್ಯೂಚುವಲ್ ಫಂಡ್ ಅಡ ಇಟ್ಟ ಸಾಲವೂ ಹೀಗೇ. 10 ಲಕ್ಷದ ಯೂನಿಟ್ ಮೇಲೆ 50%, ಅಂದರೆ 5 ಲಕ್ಷ ಸಾಲ ತಗೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಫಂಡ್ 30% ಇಳಿದರೆ ಯೂನಿಟ್ ಬೆಲೆ 7 ಲಕ್ಷ, ಅದರ ಮೇಲೆ ಸಿಗೋ ಸಾಲ 3.5 ಲಕ್ಷ. ಬಾಕಿ 1.5 ಲಕ್ಷ ಕೆಲವೇ ದಿನದಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಯೂನಿಟ್ ಮಾರಿ ತಗೊಳ್ತಾರೆ.

ಇನ್ನೊಂದು ನಮ್ಮ ಕಡೆಯದ್ದೇ. ಸೊಸೈಟಿಯ ಬಡ್ಡಿರಹಿತ ಬೆಳೆಸಾಲ ಎತ್ತಿ ಷೇರಿಗೆ ಹಾಕೋದು. ಅದು ಬೆಳೆಗೆ ಅಂತ ಕೊಟ್ಟ ಸಾಲ, ಮತ್ತು ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಪೇಟೆ ಬಿದ್ದಿರುವಾಗ ವಾಯಿದೆ ಬಂದರೆ ನಷ್ಟದಲ್ಲಿ ಮಾರಬೇಕು, ಇಲ್ಲ ವಾಯಿದೆ ತಪ್ಪಿಸಬೇಕು. ತಪ್ಪಿಸಿದರೆ ಸವಲತ್ತೂ ಹೋಯಿತು, ಮುಂದಿನ ಹಂಗಾಮಿನ ಸಾಲವೂ ಕಷ್ಟ. ಬಂಗಾರ ಅಡ ಇಟ್ಟು ಷೇರು ತಗೊಂಡವರೂ ಇದೇ ಸಾಲಿಗೆ.

ಹಾಗಾಗಿ ಪೇಟೆ ಇಳಿಯೋಕೆ ಶುರುವಾದಾಗ ಮಾಡುವ ಮೊದಲ ಮಾರಾಟ ಸಾಲದ ಮೇಲೆ ನಿಂತದ್ದು. ಲಾಭ ಇರಲಿ, ನಷ್ಟ ಇರಲಿ. ಆಪ್ಷನ್ (ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದ) ಆಡಿ ನಷ್ಟ ತುಂಬಿಸ್ತೇನೆ ಅನ್ನುವವರು ಷೇರುಪೇಟೆ ನಿಯಂತ್ರಕ ಸೆಬಿಯ 2024ರ ಅಧ್ಯಯನ ನೋಡಿ: ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ 93% ಜನಕ್ಕೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಕುಮಟಾ_ಅಳಿವೆ
ಒಂದು ಪ್ರಶ್ನೆ. ಇನ್ನೂ ಇಳಿಯೋದು ಗೊತ್ತಾಗ್ತಾ ಇರುವಾಗ ಎಲ್ಲ ಮಾರಿ, ತಳ ಮುಟ್ಟಿದ ಮೇಲೆ ತಿರುಗಿ ತಗೊಂಡರೆ ಲಾಭ ಅಲ್ವಾ? ಸುಮ್ಮನೆ ನೋಡ್ತಾ ಕೂರೋದು ಯಾಕೆ?

ಶಿರಸಿ_ಚಾಲಿ
ಅದಕ್ಕೆ ಎರಡು ಸಲ ಸರಿಯಾಗಬೇಕು ಮಾರಾಯ್ರೆ, ಮಾರುವಾಗ ಒಮ್ಮೆ, ತಗೊಳ್ಳುವಾಗ ಒಮ್ಮೆ. ಎರಡನೇದು ಬಹಳ ಕಷ್ಟ, ಯಾಕೆಂದರೆ ದೊಡ್ಡ ಏರಿಕೆಯ ದಿನಗಳು ದೊಡ್ಡ ಇಳಿಕೆಯ ದಿನಗಳ ಪಕ್ಕದಲ್ಲೇ ಇರ್ತಾವೆ. 2020ರ ಮಾರ್ಚ್ 23ಕ್ಕೆ ನಿಫ್ಟಿ ಒಂದೇ ದಿನ ಸುಮಾರು 13% ಬಿತ್ತು. ಏಪ್ರಿಲ್ 7ಕ್ಕೆ ಒಂದೇ ದಿನ ಸುಮಾರು 8.8% ಏರಿತು. ಆ ದಿನವೂ ದೇಶ ಪೂರ್ತಿ ಲಾಕ್‌ಡೌನ್‌ನಲ್ಲಿತ್ತು. 2024ರ ಜೂನ್ 4ಕ್ಕೆ ಚುನಾವಣೆ ಫಲಿತಾಂಶದ ದಿನ 6% ಹತ್ತಿರ ಇಳಿದದ್ದು ಮೂರೇ ದಿನದಲ್ಲಿ ವಾಪಸು ಬಂತು. ಆ ಇಳಿಕೆಯ ದಿನ ಮಾರಿ, ತಳ ಖಾತ್ರಿ ಆಗಲಿ ಅಂತ ಕಾದವರು ಈ ಎರಡು ಸಲವೂ ಮಾರಿದ್ದಕ್ಕಿಂತ ಹೆಚ್ಚು ರೇಟಿಗೆ ತಗೊಳ್ಳಬೇಕಾಗಿತ್ತು.

ತೆರಿಗೆಯನ್ನೂ ಸೇರಿಸಿ. 1 ಲಕ್ಷಕ್ಕೆ ತಗೊಂಡದ್ದು ಹತ್ತು ತಿಂಗಳಲ್ಲಿ 1.5 ಲಕ್ಷ ಆಗಿದೆ. ಈಗ ಮಾರಿದರೆ 50,000 ಅಲ್ಪಾವಧಿ ಲಾಭದ ಮೇಲೆ 20%, ಮೇಲೆ 4% ಸೆಸ್, ಒಟ್ಟು 10,400. ಬರೀ ಈ ತೆರಿಗೆ ಸರಿದೂಗಲು ಷೇರು ಇನ್ನೂ 7% ಇಳಿದ ಮೇಲೆ ತಿರುಗಿ ತಗೊಳ್ಳಬೇಕು. ಇನ್ನೆರಡು ತಿಂಗಳಿಗೂ ಮೇಲೆ ಇಟ್ಟರೆ, ಅಂದರೆ 12 ತಿಂಗಳು ದಾಟಿದರೆ, ದೀರ್ಘಾವಧಿ ಆಗಿ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ.

ಅಂಕೋಲಾ_ಕರಿಈಶಾಡು
ಇಲ್ಲಿ ಒಂದು ತಡೆ ಹಾಕ್ತೇನೆ. "ಇಟ್ಟುಕೊಳ್ಳಿ, ವಾಪಸು ಬರ್ತದೆ" ಅನ್ನೋ ಮಾತು ಸೂಚ್ಯಂಕಕ್ಕೆ ಹೊಂದ್ತದೆ, ಒಂದೊಂದು ಕಂಪನಿಗೆ ಹೊಂದೋದಿಲ್ಲ. ಸೂಚ್ಯಂಕದಲ್ಲಿ ಸೋತ ಕಂಪನಿ ಹೊರಗೆ ಹೋಗ್ತದೆ, ಗೆದ್ದದ್ದು ಒಳಗೆ ಬರ್ತದೆ. ನಿಮ್ಮ ಡಿಮ್ಯಾಟ್ (ಷೇರು ಇಡುವ) ಖಾತೆಯಲ್ಲಿ ಸೋತದ್ದು ಹಾಗೇ ಕೂತಿರ್ತದೆ. ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನ ಷೇರುದಾರರಿಗೆ 2021ರಲ್ಲಿ ಏನೂ ಸಿಗಲಿಲ್ಲ, ಷೇರು ಪಟ್ಟಿಯಿಂದಲೇ ಹೋಯಿತು. ಯೆಸ್ ಬ್ಯಾಂಕಿನಲ್ಲಿ 2020ರ ಮಾರ್ಚ್‌ನ ಪುನರ್ರಚನೆ ವೇಳೆ 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇದ್ದವರ 75% ಪಾಲಿಗೆ ಮೂರು ವರ್ಷ ಬೀಗ ಬಿತ್ತು, ಮಾರೋಣ ಅಂದರೂ ಆಗಲಿಲ್ಲ.

ಸೂಚ್ಯಂಕವೂ ಯಾವಾಗಲೂ ಬೇಗ ಬರ್ತದೆ ಅಂತಲ್ಲ. ಜಪಾನಿನ ನಿಕ್ಕೈ 1989ರ ಡಿಸೆಂಬರ್‌ನ ಎತ್ತರವನ್ನು ತಿರುಗಿ ದಾಟಿದ್ದು 2024ರ ಫೆಬ್ರವರಿಯಲ್ಲಿ.

ಸರಾಸರಿ ಇಳಿಸೋ ಲೆಕ್ಕ ನೋಡಿ. 500 ರೂಪಾಯಿಯ 100 ಷೇರು ಇವೆ, ರೇಟು 250ಕ್ಕೆ ಬಂತು, ಇನ್ನೂ 100 ತಗೊಂಡಿರಿ. ಸರಾಸರಿ 375. ಅಸಲು ಬರೋಕೆ ಇನ್ನೂ 50% ಏರಬೇಕು, ಮತ್ತು ಈಗ ಒಂದೇ ಕಂಪನಿಯಲ್ಲಿ 75,000 ಸಿಕ್ಕಿಹಾಕಿಕೊಂಡಿದೆ. 50% ಬಿದ್ದದ್ದಕ್ಕೆ 100% ಏರಬೇಕು, 80% ಬಿದ್ದದ್ದಕ್ಕೆ 400%. ಹಾಗಾಗಿ ಇನ್ನಷ್ಟು ತಗೊಳ್ಳುವ ಮೊದಲು ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಆ ಕಂಪನಿಯ ನಾಲ್ಕು ಸಂಗತಿ ನೋಡಬೇಕು. ಪ್ರವರ್ತಕರ ಷೇರಿನಲ್ಲಿ ಎಷ್ಟು ಅಡ ಇದೆ, ಹೆಚ್ಚುತ್ತಾ ಇದೆಯಾ. ಲಾಭ ತೋರಿಸುತ್ತಿದ್ದರೂ ವ್ಯವಹಾರದಿಂದ ಬಂದ ನಗದು ಎರಡು ಮೂರು ವರ್ಷದಿಂದ ಋಣಾತ್ಮಕವಾ. ಸಾಲ ಯಾವ ವೇಗದಲ್ಲಿ ಏರ್ತಾ ಇದೆ. ಲೆಕ್ಕಪರಿಶೋಧಕರು ಅವಧಿಗೆ ಮುಂಚೆ ರಾಜೀನಾಮೆ ಕೊಟ್ಟಿದ್ದಾರಾ. ಕೊನೆಯದ್ದು ಕಂಡರೆ ಉಳಿದ ಮೂರು ನೋಡೋ ಅಗತ್ಯವೇ ಇಲ್ಲ, ಹೊರಗೆ ಬನ್ನಿ.

ಒಂದು ಕಂಪನಿಗೆ ಒಟ್ಟು ಹೂಡಿಕೆಯ 5% ಅಂತ ಮಿತಿ ಹಾಕಿಕೊಂಡರೆ, ಬಿದ್ದಾಗ ಸೇರಿಸುವ ದುಡ್ಡೂ ಆ ಮಿತಿಯೊಳಗೇ ಇರಬೇಕು.

ಕುಮಟಾ_ಅಳಿವೆ
ಸಣ್ಣ ಕಂಪನಿ ಷೇರು ಮಾರೋಕೆ ಹೋದರೆ ಆರ್ಡರ್ ಹಾಗೇ ನಿಂತಿರ್ತದೆ, ತಗೊಳ್ಳುವವರೇ ಇಲ್ಲ. ಇದು ಆ್ಯಪಿನ ತೊಂದರೆಯಾ?

ಅಂಕೋಲಾ_ಕರಿಈಶಾಡು
ಅಲ್ಲ, ಅದು ಲೋವರ್ ಸರ್ಕ್ಯೂಟ್. ಒಂದೊಂದು ಷೇರಿಗೂ ಬೆಲೆ ದಿನಕ್ಕೆ ಎಷ್ಟು ಏರಿಳಿಯಬಹುದು ಅನ್ನೋದಕ್ಕೆ 2%, 5%, 10%, 20% ಅಂತ ಮಿತಿ ಇರ್ತದೆ. 5% ಮಿತಿಯ ಷೇರು ದಿನಾ 5% ಇಳಿದು ಬಾಗಿಲು ಮುಚ್ಚುತ್ತಾ ಹೋದರೆ ಹತ್ತು ದಿನಕ್ಕೆ 40% ಹೋಗಿರ್ತದೆ, ಮಧ್ಯೆ ಮಾರುವ ಅವಕಾಶವೇ ಸಿಗದಿರಬಹುದು. ಬೆಳಿಗ್ಗೆ 9ಕ್ಕೆ ಪ್ರೀ-ಓಪನ್ (ಪೇಟೆ ತೆರೆಯುವ ಮುಂಚೆ ಆರ್ಡರ್ ತಗೊಳ್ಳುವ ಹೊತ್ತು) ಶುರುವಾದ ಕೂಡಲೇ ಆ ದಿನದ ಕೆಳಮಿತಿ ರೇಟಿಗೇ ಆರ್ಡರ್ ಹಾಕಿ, ಸರದಿಯಲ್ಲಿ ಮುಂದೆ ಇರಬಹುದು. ಫ್ಯೂಚರ್ಸ್ ಇರುವ ದೊಡ್ಡ ಷೇರುಗಳಿಗೆ ಇಂಥ ಸ್ಥಿರ ಮಿತಿ ಇಲ್ಲ.

ಇಡೀ ಪೇಟೆಗೆ ಬೇರೆ ತಡೆ ಇದೆ. ಸೂಚ್ಯಂಕ 10% ಇಳಿದರೆ, ಮಧ್ಯಾಹ್ನ 1ರೊಳಗಾದರೆ 45 ನಿಮಿಷ, 1ರಿಂದ 2.30ರೊಳಗಾದರೆ 15 ನಿಮಿಷ ವ್ಯವಹಾರ ನಿಲ್ತದೆ. 2.30ರ ನಂತರ 10%ಗೆ ನಿಲ್ಲೋದಿಲ್ಲ. 20% ಇಳಿದರೆ ಯಾವ ಹೊತ್ತಾದರೂ ಆ ದಿನದ ಪೇಟೆ ಬಂದ್. 2020ರ ಮಾರ್ಚ್‌ನಲ್ಲಿ 13ಕ್ಕೂ 23ಕ್ಕೂ 10%ದ ತಡೆ ಬಿದ್ದಿತ್ತು.

ಯಲ್ಲಾಪುರ_ಘಟ್ಟ
ನಮ್ಮ ಕಡೆಗೆ ಇನ್ನೊಂದು ವಿಷಯ ಬಹಳ ಮುಖ್ಯ, ಅದಕ್ಕೇ ಉದ್ದವಾಗಿ ಬರೀತೇನೆ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗ್ತದೆ. ಪೇಟೆ ಬೀಳುವ ದಿನವೇ ಫೋನು ಸತ್ತಿದ್ದರೆ ಆ್ಯಪ್ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಕೆಲವರು ಜಿಟಿಟಿ ಆರ್ಡರ್ (ಹೇಳಿಟ್ಟ ಬೆಲೆ ಮುಟ್ಟಿದಾಗ ತಾನೇ ಹೋಗುವ ಆರ್ಡರ್) ಹಾಕಿಟ್ಟು ನಿಶ್ಚಿಂತೆ ಇರ್ತಾರೆ. ಅದರಲ್ಲಿ ಎರಡು ಕಡೆ ಕೈಕೊಡ್ತದೆ.

ಒಂದು, ಟ್ರಿಗರ್ (ಆರ್ಡರ್ ಶುರುವಾಗುವ ಬೆಲೆ) ಮತ್ತು ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಬೆಲೆ) ತೀರಾ ಹತ್ತಿರ ಇಡೋದು. ಷೇರು 500ರಲ್ಲಿದೆ, ಟ್ರಿಗರ್ 480, ಲಿಮಿಟ್ 478 ಅಂತ ಹಾಕಿದ್ದೀರಿ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ನೇರ 450ಕ್ಕೆ ತೆರೆದರೆ ಟ್ರಿಗರ್ ಆಗ್ತದೆ, ಆದರೆ 478ಕ್ಕೆ ತಗೊಳ್ಳುವವರಿಲ್ಲ. ಆರ್ಡರ್ ಹಾಗೇ ನಿಂತು ಸಂಜೆಗೆ ರದ್ದಾಗ್ತದೆ, ಷೇರು ನಿಮ್ಮಲ್ಲೇ ಉಳೀತದೆ. ಖಂಡಿತ ಹೊರಗೆ ಬರಲೇಬೇಕು ಅಂತಿದ್ದರೆ ಲಿಮಿಟ್ಟನ್ನು ಟ್ರಿಗರ್‌ಗಿಂತ ಸುಮಾರು 8% ಕೆಳಗೆ ಇಡಿ. ಸಿಗುವುದು ಆ ಹೊತ್ತಿನ ಒಳ್ಳೆ ರೇಟೇ, ಲಿಮಿಟ್ ಬರೀ ಕೊನೆಯ ಗೆರೆ.

ಎರಡು, ಮಾರಾಟಕ್ಕೆ ಒಪ್ಪಿಗೆ. ಬ್ರೋಕರಿಗೆ ಡಿಡಿಪಿಐ ಪತ್ರ (ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಮೊದಲೇ ಕೊಡುವ ಒಪ್ಪಿಗೆ) ಕೊಟ್ಟಿರದಿದ್ದರೆ ಮಾರುವಾಗ ಟಿಪಿನ್ (ಡಿಮ್ಯಾಟ್ ಖಾತೆಯ ಗುಪ್ತಸಂಖ್ಯೆ), ಓಟಿಪಿ ಕೇಳ್ತದೆ. ಟವರ್ ಇಲ್ಲದ ದಿನ ಓಟಿಪಿ ಎಲ್ಲಿಂದ ಬರಬೇಕು? ಆರ್ಡರ್ ತಿರಸ್ಕೃತ. ಬೇಸಿಗೆಯಲ್ಲೇ ಡಿಡಿಪಿಐ ಕೊಟ್ಟು ಮುಗಿಸಿ. ಅದರಲ್ಲಿ ಕೊಡುವ ಅಧಿಕಾರ ಸೀಮಿತ, ಹಳೇ ಮುಖ್ತ್ಯಾರಿ ಪತ್ರದಷ್ಟು ಅಗಲ ಇಲ್ಲ. ಬ್ರೋಕರ್ ಫೋನಿನಲ್ಲಿ ಆರ್ಡರ್ ತಗೊಳ್ಳುವ ನಂಬರನ್ನು ಕಾಗದದ ಮೇಲೆ ಬರೆದು, ಗ್ರಾಹಕ ಸಂಖ್ಯೆ ಜತೆ ಮನೆಯಲ್ಲಿ ಇಡಿ. ಅದಕ್ಕೆ ಆರ್ಡರಿಗೆ ಇಷ್ಟು ಅಂತ ಹೆಚ್ಚುವರಿ ಶುಲ್ಕ ಇರ್ತದೆ, ತುರ್ತಿಗೆ ಅದು ದೊಡ್ಡದಲ್ಲ.

ಆದರೂ ಹೇಳ್ತೇನೆ, ಐದಾರು ವರ್ಷಕ್ಕೆ ಅಂತ ಇಟ್ಟ ಸೂಚ್ಯಂಕ ಫಂಡಿಗೆ (ಸೂಚ್ಯಂಕದ ಕಂಪನಿಗಳಲ್ಲೇ ಹೂಡುವ ಫಂಡಿಗೆ) ಇಂಥ ಸ್ಟಾಪ್‌ಲಾಸ್, ಅಂದರೆ ನಷ್ಟ ತಡೆಯುವ ಮಾರಾಟದ ಆರ್ಡರ್, ಬೇಡ. ಮೇಲಿನದ್ದೆಲ್ಲ ಒಂಟಿ ಕಂಪನಿಯ ಷೇರಿಗೆ.

ಹೊನ್ನಾವರ_ಶರಾವತಿ
ಎಸ್‌ಐಪಿ (ತಿಂಗಳ ಕಂತಿನಲ್ಲಿ ಫಂಡಿಗೆ ಹಾಕೋದು) ಬಗ್ಗೆ ಯಾರೂ ಹೇಳಲಿಲ್ಲ. ಪೇಟೆ ಇಳಿದಾಗ ನಿಲ್ಲಿಸಬೇಕಾ?

ಸಿದ್ದಾಪುರ_ಮೆಣಸುಬಳ್ಳಿ
ದುಡ್ಡು ಇದೆ ಅಂದರೆ ನಿಲ್ಲಿಸಬೇಡಿ ಅಕ್ಕೋರೆ, ಇಳಿದಾಗಲೇ ಅದೇ 5,000ಕ್ಕೆ ಹೆಚ್ಚು ಯೂನಿಟ್ ಬರೋದು. ಖಾತೆಯಲ್ಲಿ ದುಡ್ಡು ಇಲ್ಲದ ತಿಂಗಳಿಗೆ ಮಾತ್ರ ಮುಂಚಿತವಾಗಿ "ಪಾಜ್" (ತಾತ್ಕಾಲಿಕ ನಿಲುಗಡೆ) ಹಾಕಿ, ಬೌನ್ಸ್ ಆಗೋಕೆ ಬಿಡಬೇಡಿ. ಬೌನ್ಸಿಗೆ ಬ್ಯಾಂಕು ದಂಡ ಹಾಕ್ತದೆ, ತಿಂಗಳ ಎಸ್‌ಐಪಿ ಸಾಲಾಗಿ ಮೂರು ಸಲ ತಪ್ಪಿದರೆ ರದ್ದಾಗ್ತದೆ. ದೋಣಿ ನಿಷೇಧದ ಎರಡು ತಿಂಗಳಿಗೆ ಮೇ ತಿಂಗಳಲ್ಲೇ ಪಾಜ್ ಕೋರಿಕೆ ಕೊಟ್ಟುಬಿಡಬಹುದು.

ನನ್ನ ಅಭಿಪ್ರಾಯದಲ್ಲಿ ತೋಟದವರಿಗೆ ತಿಂಗಳ ಎಸ್‌ಐಪಿಗಿಂತ ಎಸ್‌ಟಿಪಿ (ಒಂದು ಫಂಡಿನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾವಣೆ) ಹೊಂದ್ತದೆ. ಅಡಿಕೆ, ಮೆಣಸು ವ್ಯಾಪಾರ ಆದಾಗ ಬಂದ ದುಡ್ಡಿನಲ್ಲಿ ಹೂಡಿಕೆ ಪಾಲನ್ನು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ 10 ಅಥವಾ 12 ಕಂತಿನಲ್ಲಿ ಸೂಚ್ಯಂಕ ಫಂಡಿಗೆ ಹೋಗುವ ಹಾಗೆ ಮಾಡೋದು. ಬ್ಯಾಂಕ್ ಖಾತೆ ಖಾಲಿ ಇದ್ದರೂ ಕಂತು ತಪ್ಪೋದಿಲ್ಲ. ಒಂದು ಗಮನ ಇರಲಿ, ಪ್ರತಿ ಕಂತೂ ಲಿಕ್ವಿಡ್ ಫಂಡಿನ ಮಾರಾಟ. ಅದರ ಸಣ್ಣ ಲಾಭಕ್ಕೆ ನಿಮ್ಮ ಆದಾಯದ ಹಂತದ ತೆರಿಗೆ ಇದೆ. ಹಾಗೆಯೇ ಎಸ್‌ಐಪಿಯ ಪ್ರತಿ ಕಂತಿಗೂ ಅದರದ್ದೇ 12 ತಿಂಗಳ ಲೆಕ್ಕ. ಎರಡು ವರ್ಷದಿಂದ ಕಟ್ಟುತ್ತಿದ್ದರೂ ಕೊನೆಯ ಹನ್ನೆರಡು ಕಂತಿನ ಯೂನಿಟ್ ಮಾರಿದರೆ ಅದು ಅಲ್ಪಾವಧಿ, ಮೇಲೆ ಹಲವು ಫಂಡುಗಳಲ್ಲಿ 1% ಎಕ್ಸಿಟ್ ಲೋಡ್ (ಬೇಗ ಹೊರಬಂದದ್ದಕ್ಕೆ ಶುಲ್ಕ).

ಇನ್ನು ಬಿದ್ದಾಗ ಎಷ್ಟು ಸೇರಿಸಬೇಕು ಅನ್ನೋದಕ್ಕೆ ಊಹೆ ಬೇಡ, ಅನುಪಾತ ಇಟ್ಟುಕೊಳ್ಳಿ. 10 ಲಕ್ಷದಲ್ಲಿ 6 ಷೇರಿಗೆ, 4 ಠೇವಣಿಗೆ. ಷೇರು 30% ಇಳಿದರೆ 4.2 ಲಕ್ಷ ಆಯಿತು, ಠೇವಣಿ 4, ಒಟ್ಟು 8.2. ಷೇರಿನ ಪಾಲು 51%ಗೆ ಬಂತು. 60%ಗೆ ತರೋಕೆ 72,000 ಠೇವಣಿಯಿಂದ ಷೇರಿಗೆ. ಮೂಲ ಅನುಪಾತದಿಂದ 5 ಅಂಶ ಸರಿದಾಗ ಮಾತ್ರ ಮಾಡಿದರೆ ಸಾಕು, ದಿನಾ ನೋಡುವ ಅಗತ್ಯ ಇಲ್ಲ. ಮನೆಖರ್ಚಿನ 12 ತಿಂಗಳ ದುಡ್ಡು ಈ 4 ಲಕ್ಷದ ಲೆಕ್ಕಕ್ಕೆ ಬರಬಾರದು, ಅದು ಬೇರೆ. ಅನುಪಾತವನ್ನು ಪೇಟೆ ಬಿದ್ದ ಮೇಲೆ ನಿರ್ಧರಿಸೋದು ಕೊಳೆ ಬಂದ ಮೇಲೆ ಬೋರ್ಡೋ ಕಲಸಿದ ಹಾಗೆ, ಮೊದಲೇ ಬರೆದಿಟ್ಟಿರಬೇಕು.

ಕಾರವಾರ_ಲೆಕ್ಕಪತ್ರ
ತೆರಿಗೆಯ ಭಾಗ ನಾನು ತುಂಬಿಸ್ತೇನೆ, ಇದರಲ್ಲಿ ನಮ್ಮ ರೈತರು ಸುಮ್ಮನೆ ದುಡ್ಡು ಕಳ್ಕೊಳ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ ಹಾಕೋದೇ ಇಲ್ಲ. ಷೇರಿನ ನಷ್ಟವನ್ನು ಮುಂದಿನ 8 ವರ್ಷಕ್ಕೆ ಒಯ್ಯಬೇಕಾದರೆ ಗಡುವಿನೊಳಗೆ ರಿಟರ್ನ್ ಹಾಕಿರಲೇಬೇಕು, ತೆರಿಗೆ ಸೊನ್ನೆ ಇದ್ದರೂ. ಗಡುವು ದಾಟಿ ಹಾಕಿದರೆ ಆ ವರ್ಷದ ನಷ್ಟ ಮುಂದೆ ಬರೋದಿಲ್ಲ. ಕೃಷಿ ಆದಾಯ 5,000 ದಾಟಿದವರಿಗೆ ಐಟಿಆರ್-1 ಅನ್ನುವ ರಿಟರ್ನ್ ನಮೂನೆ ನಡೆಯೋದಿಲ್ಲ. ಷೇರಿನ ಲಾಭ-ನಷ್ಟಕ್ಕೆ ಐಟಿಆರ್-2, ಫ್ಯೂಚರ್ಸ್-ಆಪ್ಷನ್ಸ್ ಇದ್ದರೆ ಐಟಿಆರ್-3.

ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಲ್ಲಿ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಹಾಗಾಗಿ ನಷ್ಟದಲ್ಲಿರುವ ಷೇರನ್ನು ಹೇಗೂ ಬಿಡೋದು ಅಂತಿದ್ದರೆ 12 ತಿಂಗಳು ತುಂಬುವ ಮೊದಲೇ ಬಿಡಿ.

ಜನ ಎಡವುವ ಜಾಗ ಒಂದಿದೆ. ಈ ವರ್ಷ ದೀರ್ಘಾವಧಿ ಲಾಭ 1.20 ಲಕ್ಷ ಮಾಡಿದ್ದೀರಿ, ಅದು ಹೇಗೂ 1.25 ಲಕ್ಷದೊಳಗೆ, ತೆರಿಗೆ ಇಲ್ಲ. ಅದೇ ಮಾರ್ಚ್‌ನಲ್ಲಿ 80,000 ನಷ್ಟ ತೋರಿಸಿದರೆ ಮೊದಲು ನಷ್ಟ ಕಳೀತಾರೆ, ಆಮೇಲೆ ವಿನಾಯಿತಿ. 80,000 ನಷ್ಟ ಉಪಯೋಗಕ್ಕೆ ಬಾರದೆ ಮುಗೀತದೆ. ಅದನ್ನೇ ಏಪ್ರಿಲ್ 1ರ ನಂತರ ಮಾರಿದ್ದರೆ ಮುಂದಿನ ವರ್ಷಕ್ಕೆ ಉಳೀತಿತ್ತು. ಆದರೆ ಅಷ್ಟರಲ್ಲಿ 12 ತಿಂಗಳು ತುಂಬ್ತದಾ ಅಂತ ತಾರೀಕು ನೋಡಿಕೊಳ್ಳಿ.

ನಷ್ಟ ತೋರಿಸಿ ಅದೇ ಷೇರು ತಿರುಗಿ ತಗೊಳ್ಳೋಕೆ ನಮ್ಮಲ್ಲಿ ಕಾಯುವ ಅವಧಿಯ ನಿಯಮ ಇಲ್ಲ, ಆದರೆ ಒಂದೇ ದಿನ ಒಂದೇ ಖಾತೆಯಲ್ಲಿ ಮಾರಿ ತಗೊಂಡರೆ ಅದು ಇಂಟ್ರಾಡೇ (ಅದೇ ದಿನ ಮುಗಿಯುವ ವ್ಯವಹಾರ) ಆಗಿ ಹೋಗ್ತದೆ, ಹಳೇ ಷೇರು ಅಲುಗೋದೇ ಇಲ್ಲ. ಇವತ್ತು ಮಾರಿ ನಾಳೆ ತಗೊಳ್ಳಿ. ನಾಳೆ ರೇಟು ಏರಬಹುದು ಅನ್ನುವ ಅಂಜಿಕೆ ಇದ್ದರೆ ಇವತ್ತು ಹೊಸದು ತಗೊಂಡು, ನಾಳೆ ಖಾತೆಗೆ ಜಮಾ ಆದ ಮೇಲೆ ಹಳೇ ಸಂಖ್ಯೆಯಷ್ಟು ಮಾರಿ. ಮೊದಲು ಬಂದದ್ದೇ ಮೊದಲು ಹೋಗುವ ನಿಯಮ ಇರೋದರಿಂದ ಹಳೇ ಷೇರೇ ಹೋಗ್ತದೆ.

ಬೈತಖೋಲ_ಬಂದರು
ಷೇರು ಮಾರಿದ ದುಡ್ಡನ್ನು ಹೆಚ್ಚು ಬಡ್ಡಿ ಅಂತ ಸೊಸೈಟಿಯಲ್ಲಿ ಇಡೋರಿಗೆ ಒಂದು ಮಾತು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸಮೇತ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರಿ ಸಂಘಕ್ಕೆ, ಪತ್ತಿನ ಸೌಹಾರ್ದಕ್ಕೆ ಆ ವಿಮೆ ಇಲ್ಲ. ಸೊಸೈಟಿ ಚೆನ್ನಾಗೇ ನಡೀತಿರಬಹುದು, ಆದರೂ 12 ತಿಂಗಳ ಖರ್ಚಿನ ದುಡ್ಡು ವಿಮೆ ಇರುವ ಕಡೆಯೇ ಇರಲಿ. ಉಳಿದದ್ದಕ್ಕೆ ವಾರ್ಷಿಕ ವರದಿಯಲ್ಲಿ ಆಡಿಟ್ ವರ್ಗ ಮತ್ತು ಸುಸ್ತಿ ಸಾಲದ ಪ್ರಮಾಣ ನೋಡಿ.

ಯಲ್ಲಾಪುರ_ಘಟ್ಟ
ಪೇಟೆ ಬಿದ್ದಾಗ ವಾಟ್ಸಾಪ್, ಟೆಲಿಗ್ರಾಮ್‌ನಲ್ಲಿ "ನಷ್ಟ ವಾಪಸು ಕೊಡಿಸ್ತೇವೆ" ಅನ್ನುವವರು ಎದ್ದು ಬರ್ತಾರೆ. ಸೆಬಿಯ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲೇ ಹುಡುಕಿ ನೋಡಿ, ಅವರು ಕಳಿಸಿದ ಚಿತ್ರ ನಂಬಬೇಡಿ. ಅವರ ಆ್ಯಪಿನಲ್ಲಿ ಲಾಭ ಕಾಣ್ತದೆ, ತೆಗೆಯೋಕೆ ಹೋದರೆ ಮೊದಲು ತೆರಿಗೆ ಕಟ್ಟಿ ಅಂತಾರೆ. ಅಲ್ಲಿಗೆ ವಂಚನೆ ಖಾತ್ರಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನು ಮಾಡಿ, ತಡ ಆದಷ್ಟೂ ದುಡ್ಡು ಬೇರೆ ಬೇರೆ ಖಾತೆಗೆ ಹೋಗಿಬಿಡ್ತದೆ. ನಿಮ್ಮ ನಿಜವಾದ ಷೇರು ಎಷ್ಟಿದೆ ಅನ್ನೋದಕ್ಕೆ ಡಿಪಾಸಿಟರಿಯಿಂದ (ಡಿಮ್ಯಾಟ್ ಷೇರು ಇಟ್ಟುಕೊಳ್ಳುವ ಸಂಸ್ಥೆಯಿಂದ) ಬರುವ ಒಟ್ಟು ಖಾತೆ ಪಟ್ಟಿಯೇ ಆಧಾರ.

ಹೊನ್ನಾವರ_ಶರಾವತಿ
ಕೊನೇದಾಗಿ ಒಂದು ಕೇಳ್ತೇನೆ. ತಂದೆಯವರ ಕಾಲದ ಷೇರು ಮಕ್ಕಳ ಹೆಸರಿಗೆ ಬಂದಿದ್ದರೆ, ಈ ಇಳಿಕೆಯಲ್ಲಿ ಮಾರಿದರೆ ಲಾಭದ ಲೆಕ್ಕ ಹೇಗೆ?

ಕಾರವಾರ_ಲೆಕ್ಕಪತ್ರ
ಅವಧಿ ತಂದೆಯವರು ತಗೊಂಡ ದಿನದಿಂದ ಲೆಕ್ಕ, ಹಾಗಾಗಿ ದೀರ್ಘಾವಧಿಯೇ. ಅಸಲೂ ಅವರು ಕೊಟ್ಟ ಬೆಲೆಯೇ. 2018ರ ಜನವರಿ 31ರವರೆಗೆ ತಗೊಂಡದ್ದಾದರೆ ಇನ್ನೊಂದು ಹೆಜ್ಜೆ ಇದೆ. ಆ ದಿನದ ಗರಿಷ್ಠ ಬೆಲೆ ಮತ್ತು ನೀವು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ತಗೊಳ್ಳಿ. ಅದನ್ನು ತಂದೆಯವರು ಕೊಟ್ಟ ಬೆಲೆಗೆ ಹೋಲಿಸಿ, ಹೆಚ್ಚಿನದೇ ನಿಮ್ಮ ಅಸಲು. ಉದಾಹರಣೆಗೆ ಅವರು 40ಕ್ಕೆ ತಗೊಂಡದ್ದು, ಆ ದಿನ 300 ಇತ್ತು, ಈಗ 260ಕ್ಕೆ ಮಾರ್ತೀರಿ. ಅಸಲು 260, ಲಾಭ ಸೊನ್ನೆ. 340ಕ್ಕೆ ಮಾರಿದರೆ ಅಸಲು 300, ಲಾಭ 40. ಕಾಗದದ ಷೇರಾಗಿದ್ದರೆ ಮೊದಲು ವಾರಸು ವರ್ಗಾವಣೆ ಮತ್ತು ಡಿಮ್ಯಾಟ್ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಪ್ಯಾನ್, ಕಂಪನಿಯ ರಿಜಿಸ್ಟ್ರಾರ್ ಕೇಳುವ ನಮೂನೆಗಳು ಬೇಕು, ವಾರಗಟ್ಟಲೆ ಹಿಡೀತದೆ. ಮಾರುವ ಯೋಚನೆ ಇದ್ದರೂ ಇಲ್ಲದಿದ್ದರೂ ಆ ಕೆಲಸ ಈಗಲೇ ಶುರುಮಾಡಿ.